ಕಣ್ಣಿನ ಕಾಡಿಗೆ

ವಾರದ ಆರು ದಿನವೂ ಕೆಂಪು ಶಾಯಿಯ ಪೆನ್ನು ಹಿಡಿದು ವಿದ್ಯಾರ್ಥಿಗಳ ತಪ್ಪುಗಳ ಕೆಳಗೆ ಗೆರೆ ಎಳೆಯುವುದು ನನ್ನ ವೃತ್ತಿ. ಭಾನುವಾರ ಬೆಳಿಗ್ಗೆ ಮಾತ್ರ ಕೈಗೆ ಪೆನ್ಸಿಲು ಬರುತ್ತದೆ. ಆಗ ತಪ್ಪು ಮಾಡುವ ಸರದಿ ನನ್ನದು. ಮೈಸೂರಿನ ಕುಕ್ಕರಹಳ್ಳಿ ಕೆರೆಯ ಏರಿಯ ಮೇಲೆ ನಾವು ಐದಾರು ಮಂದಿ ಸೇರುತ್ತೇವೆ. ಒಬ್ಬರು ಅಂಚೆ ಇಲಾಖೆಯಿಂದ ನಿವೃತ್ತರಾದ ರಾಯರು, ಒಬ್ಬರು ಔಷಧದ ಅಂಗಡಿಯವರು, ಇನ್ನೊಬ್ಬಾಕೆ ಬ್ಯಾಂಕಿನಲ್ಲಿ ಕೆಲಸ ಮಾಡುವವರು. ಯಾರೂ ಕಲಾಶಾಲೆಯ ಮೆಟ್ಟಿಲು ಹತ್ತಿದವರಲ್ಲ. ಮರ, ನೀರು, ಹೆಜ್ಜಾರ್ಲೆ ಹಕ್ಕಿ ಎಂದು ಎರಡು ಗಂಟೆ ಗೀಚಿ, ಬಿಸಿಲೇರಿದ ಮೇಲೆ ಹಾಳೆಗಳನ್ನು ಕಲ್ಲುಬೆಂಚಿನ ಮೇಲೆ ಸಾಲಾಗಿ ಹರಡುತ್ತೇವೆ. ನಿಜವಾದ ಕಷ್ಟ ಶುರುವಾಗುವುದು ಆಗ. ಗೆಳೆಯನ ಚಿತ್ರವನ್ನು ನೋಡಿ ಏನು ಹೇಳಬೇಕು?

ಇದು ಚಿತ್ರಕಲೆಯ ಪ್ರಶ್ನೆಯೆಂದೇ ಬಹುಕಾಲ ನಂಬಿದ್ದೆ. ಧರ್ಮದ ಪ್ರಶ್ನೆಯೂ ಹೌದೆಂದು ತಿಳಿದದ್ದು ಈಚೆಗೆ.

ರಾಯರು ಒಂದು ಭಾನುವಾರ ಕೆರೆಯನ್ನು ಬಿಟ್ಟು ಮನೆಯಲ್ಲಿ ಬರೆದಿದ್ದ ಚಿತ್ರವೊಂದನ್ನು ತಂದರು. ತೀರಿಕೊಂಡ ಪತ್ನಿಯ ಮುಖ. ಒಂದು ತಿಂಗಳು ಕೂತು ಬರೆದದ್ದಂತೆ. "ಹೇಗಿದೆ, ಮೇಷ್ಟ್ರೇ?" ಎಂದರು. ನೋಡಿದ ಕೂಡಲೇ ತಪ್ಪು ಕಂಡಿತು. ಕಣ್ಣುಗಳು ಬಹಳ ಮೇಲಕ್ಕೆ ಹೋಗಿದ್ದವು. ಹೊಸದಾಗಿ ಮುಖ ಬರೆಯುವವರೆಲ್ಲ ಎಡವುವ ಜಾಗ ಅದು. ನಮ್ಮ ಮನಸ್ಸೆಲ್ಲ ಕಣ್ಣು, ಮೂಗು, ಬಾಯಿಗಳ ಮೇಲಿರುವುದರಿಂದ ಅವುಗಳಿಗೇ ಹೆಚ್ಚು ಜಾಗ ಕೊಟ್ಟು ಹಣೆ ತಲೆಗಳನ್ನು ಮೊಟಕು ಮಾಡಿಬಿಡುತ್ತೇವೆ. ಅಳೆದು ನೋಡಿದರೆ ನೆತ್ತಿಗೂ ಗಲ್ಲಕ್ಕೂ ಸರಿಸುಮಾರು ನಡುಮಧ್ಯದಲ್ಲಿ ಕಣ್ಣುಗಳಿರುತ್ತವೆ. ಇಷ್ಟನ್ನು ಹೇಳಲು ಅರ್ಧ ನಿಮಿಷ ಸಾಕಾಗಿತ್ತು. ಆದರೆ ನಾನು ಚಿತ್ರದಿಂದ ತಲೆಯೆತ್ತಿ ರಾಯರ ಮುಖ ನೋಡಿದೆ. "ಬಹಳ ಚೆನ್ನಾಗಿದೆ, ರಾಯರೇ" ಎಂದೆ. ಉಳಿದವರೂ ಹಾಗೆಯೇ ಎಂದರು.

ಅವರು ಅದಕ್ಕೆ ಕಟ್ಟು ಹಾಕಿಸಿ, ವರ್ಷಾಬ್ದಿಕದ ಹೊತ್ತಿಗೆ ನಡುಮನೆಯಲ್ಲಿ ತೂಗುಹಾಕಿದರು. ಪರಊರಿನಿಂದ ಬಂದ ಮಗಳು ಚಿತ್ರದ ಮುಂದೆ ಬಹಳ ಹೊತ್ತು ನಿಂತು, "ಅಮ್ಮನ ಹಣೆ ಎಲ್ಲಿ, ಅಪ್ಪ?" ಎಂದಳಂತೆ. ಆಕೆ ಅಗಲವಾಗಿ ಕುಂಕುಮ ಇಡುತ್ತಿದ್ದವರು. ಚಿತ್ರದಲ್ಲಿ ಅದಕ್ಕೆ ಜಾಗವೇ ಇರಲಿಲ್ಲ.

ಮುಂದಿನ ಭಾನುವಾರ ರಾಯರು ನನ್ನನ್ನು ಪಕ್ಕಕ್ಕೆ ಕರೆದು ಕೇಳಿದರು: "ನಿಮಗೆ ಕಂಡಿತ್ತೆ?"

"ಕಂಡಿತ್ತು" ಎಂದೆ.

"ನಿಮ್ಮ ವಿದ್ಯಾರ್ಥಿ ತಪ್ಪು ಬರೆದರೆ ಕೆಳಗೆ ಗೆರೆ ಎಳೆಯುತ್ತೀರಿ. ನನ್ನನ್ನು ಆ ಮಟ್ಟಕ್ಕೂ ಎಣಿಸಲಿಲ್ಲವೆ, ಮೇಷ್ಟ್ರೇ?"

ಆ ಮಾತಿಗೆ ನನ್ನಲ್ಲಿ ಉತ್ತರವಿರಲಿಲ್ಲ. ಅಪ್ರಿಯವಾದ ಸತ್ಯವನ್ನು ಆಡಬಾರದೆಂದು ನಮ್ಮ ಹಿರಿಯರು ಹೇಳಿದ್ದಾರೆ. ಅದೇ ಉಸಿರಿನಲ್ಲಿ ಪ್ರಿಯವಾದ ಸುಳ್ಳನ್ನೂ ಆಡಬಾರದೆಂದಿದ್ದಾರೆ. ನಾವು ಮೊದಲನೆಯದನ್ನು ನೆನಪಿಟ್ಟುಕೊಂಡು ಎರಡನೆಯದನ್ನು ಅನುಕೂಲವಾಗಿ ಮರೆಯುತ್ತೇವೆ. ನನ್ನ ಹೊಗಳಿಕೆಯನ್ನು ನಾನು ದಯೆಯೆಂದು ಭಾವಿಸಿದ್ದೆ. ಯೋಚಿಸಿದಾಗ ತಿಳಿಯಿತು, ಆ ದಯೆ ನನ್ನ ಮೇಲೆಯೇ ನಾನು ತೋರಿಕೊಂಡದ್ದು. ಒಂದು ಕ್ಷಣದ ಮುಜುಗರವನ್ನು ತಪ್ಪಿಸಿಕೊಳ್ಳುವುದಕ್ಕಾಗಿ ಒಬ್ಬ ಮನುಷ್ಯನ ಒಂದು ತಿಂಗಳ ಶ್ರಮವನ್ನು ಸರಿಯಾಗಿ ನೋಡದೆ ದಾಟಿಬಿಟ್ಟಿದ್ದೆ.

ಒಂಬತ್ತನೆಯ ಶತಮಾನದ 'ಕವಿರಾಜಮಾರ್ಗ'ವನ್ನು ತರಗತಿಯಲ್ಲಿ ಎಷ್ಟು ಸಲ ಪಾಠ ಹೇಳಿದ್ದೇನೋ! ಕಣ್ಣಿಗೆ ತನ್ನಲ್ಲಿರುವ ಕಾಡಿಗೆ ಕಾಣಿಸದು, ಹಾಗೆಯೇ ಬರೆದವನಿಗೆ ತನ್ನ ದೋಷ ಕಾಣಿಸದು ಎಂಬ ಅಭಿಪ್ರಾಯ ಅಲ್ಲಿದೆ. ಲಿಯೊನಾರ್ಡೊ ಡ ವಿಂಚಿ ಚಿತ್ರಗಾರರಿಗೆ ಕೊಟ್ಟ ಸಲಹೆಯೂ ಇದೇ ಬಗೆಯದು: ಬರೆದದ್ದನ್ನು ಕನ್ನಡಿಯಲ್ಲಿ ನೋಡಿದರೆ ಅದು ಬೇರೆಯವರ ಕೈಕೆಲಸದಂತೆ ಕಂಡು ತಪ್ಪುಗಳು ಎದ್ದು ತೋರುತ್ತವೆ. ಗೆಳೆಯನೆಂದರೆ ಅಂಥ ಕನ್ನಡಿ. ರಾಯರು ನನ್ನ ಮುಂದೆ ಬಂದು ನಿಂತಾಗ ಕನ್ನಡಿಯೇ ಮುಖ ತಿರುಗಿಸಿಕೊಂಡಿತ್ತು.

ಹಾಗಾದರೆ ಕಂಡದ್ದನ್ನೆಲ್ಲ ಕಂಡಂತೆಯೇ ಹೇಳಿಬಿಡುವುದು ಸರಿಯೆ? ಅದರ ಫಲವನ್ನೂ ಬಲ್ಲೆವು. ವ್ಯಾನ್ ಗೋ 1885ರಲ್ಲಿ 'ಆಲೂಗಡ್ಡೆ ತಿನ್ನುವವರು' ಚಿತ್ರದ ಕಲ್ಲಚ್ಚಿನ ಪ್ರತಿಯೊಂದನ್ನು ಗೆಳೆಯ ವ್ಯಾನ್ ರಾಪ್ಪಾರ್ಡನಿಗೆ ಕಳುಹಿಸಿದ. ಇಬ್ಬರದೂ ಐದು ವರ್ಷದ ಸ್ನೇಹ. ರಾಪ್ಪಾರ್ಡ್ ನೇರವಾಗಿ ಬರೆದ: ಕಾಫಿಯ ಪಾತ್ರೆ ಏನು ಮಾಡುತ್ತಿದೆಯೋ ತಿಳಿಯದು, ಬಲಗಡೆಯ ಗಂಡಸಿಗೆ ಮೊಣಕಾಲಿಲ್ಲ, ಹೊಟ್ಟೆಯಿಲ್ಲ. ಇಷ್ಟಕ್ಕೇ ನಿಲ್ಲಿಸಿದ್ದರೆ ಅದು ವಿಮರ್ಶೆಯಾಗುತ್ತಿತ್ತು. ಕಲೆಯನ್ನು ಇಷ್ಟು ಹಗುರವಾಗಿ ಕಾಣಬಹುದೆ ಎಂದೂ ಸೇರಿಸಿದ. ವ್ಯಾನ್ ಗೋ ಆ ಪತ್ರವನ್ನು ಹಿಂದಕ್ಕೇ ಕಳುಹಿಸಿಬಿಟ್ಟ. ಮುಂದೆ ಹೆಚ್ಚು ದಿನ ಆ ಗೆಳೆತನ ಉಳಿಯಲಿಲ್ಲ. ಎರಡು ವರ್ಷದ ಮೇಲೆಯೂ ವ್ಯಾನ್ ಗೋ ತಂಗಿಗೆ ಬರೆಯುತ್ತ, ತನ್ನ ಕೃತಿಗಳಲ್ಲಿ ಅದೇ ಶ್ರೇಷ್ಠವೆಂದು ಹೇಳಿಕೊಂಡ. ಮೊಣಕಾಲಿನ ಮಾತು ನಿಜವೇ ಇರಬಹುದು. ಆದರೆ ಮೊಣಕಾಲಿಲ್ಲವೆನ್ನುವುದು ಬೇರೆ, ಶ್ರದ್ಧೆಯಿಲ್ಲವೆನ್ನುವುದು ಬೇರೆ. ಮೊದಲನೆಯದನ್ನು ಪೆನ್ಸಿಲಿನಿಂದ ತಿದ್ದಬಹುದು. ಎರಡನೆಯದನ್ನು ಕೇಳಿದವನು ಏನನ್ನು ತಾನೆ ತಿದ್ದಿಯಾನು?

ಈ ಎರಡು ತಪ್ಪುಗಳ ನಡುವೆ ನನಗೆ ತೋಚಿದ ದಾರಿ ಇಷ್ಟು. ಮೊದಲು ಚಿತ್ರವನ್ನು ಪೂರ್ತಿಯಾಗಿ ನೋಡಬೇಕು. ಬರೆದವನ ಮುಖವನ್ನು ಆಮೇಲೆ ನೋಡಿದರಾಯಿತು. ಮಾತು ಹಾಳೆಯ ಮೇಲಿನ ಗೆರೆಯನ್ನು ದಾಟಬಾರದು. ಎಲ್ಲಕ್ಕಿಂತ ಮುಖ್ಯವಾಗಿ, ತಪ್ಪು ತೋರಿಸಿದವನು ಅಲ್ಲಿಂದ ಎದ್ದು ಹೋಗಬಾರದು. ತಿದ್ದಿ ಮುಗಿಯುವವರೆಗೆ ಪಕ್ಕದಲ್ಲಿ ಕೂತಿರಲು ಸಿದ್ಧನಾದವನಿಗೇ ತಪ್ಪನ್ನು ಹೇಳುವ ಅಧಿಕಾರ. ಕೆಂಪು ಶಾಯಿಯ ನನ್ನ ಗೆರೆಗಳು ಎಷ್ಟು ಮಕ್ಕಳ ಪಕ್ಕದಲ್ಲಿ ಹಾಗೆ ಕೂತಿದ್ದವು ಎಂದು ಕೇಳಿಕೊಂಡರೆ ನಾಚಿಕೆಯಾಗುತ್ತದೆ.

ಅಂದು ರಾಯರ ಜೊತೆ ಅವರ ಮನೆಗೆ ಹೋದೆ. ಹಳೆಯ ಫೋಟೋ ಒಂದನ್ನು ಮುಂದಿಟ್ಟುಕೊಂಡು, ಪೆನ್ಸಿಲಿನಿಂದ ನೆತ್ತಿಯಿಂದ ಕಣ್ಣಿಗೆ, ಕಣ್ಣಿನಿಂದ ಗಲ್ಲಕ್ಕೆ ಅಳೆದೆವು. ಅವರು ಅಳೆದು ನಕ್ಕರು. ನನ್ನ ಪುಸ್ತಕ ತರಿಸಿ, ನಾನು ಬರೆದಿದ್ದ ಒಂದು ಮುಖವನ್ನೂ ಅಳೆದು ಇನ್ನಷ್ಟು ನಕ್ಕರು. ಅದರಲ್ಲೂ ಕಣ್ಣು ಮೇಲಕ್ಕೇ ಹೋಗಿತ್ತು!

ಮೂರು ಭಾನುವಾರ ಕಳೆದ ಮೇಲೆ ಹೊಸ ಚಿತ್ರ ಸಿದ್ಧವಾಯಿತು. ಈಗ ಹಣೆಗೆ ಜಾಗ ಬಂದಿದೆ, ಕುಂಕುಮಕ್ಕೂ ಬಂದಿದೆ. ಮೂಗು ಮಾತ್ರ ಇನ್ನೂ ಸರಿಯಾಗಿಲ್ಲ. ಅದನ್ನು ಅವರಿಗೆ ಹೇಳಿದ್ದೇನೆ. ಬರುವ ಭಾನುವಾರ ಅದಕ್ಕೆಂದೇ ಕೂರುವುದೆಂದು ಮಾತಾಗಿದೆ.