ಗಾಜಿನ ಈಚೆಗಿನ ಮೀನು

ನಮ್ಮದು ಕಾರ್ಕಳದ ಜೈನ ಮನೆ. ಹೊತ್ತು ಮುಳುಗುವ ಮೊದಲೇ ಊಟ ಮುಗಿಸುತ್ತೇವೆ, ಸೋಸದ ನೀರು ಬಾಯಿಗೆ ತಾಗಿಸುವುದಿಲ್ಲ. ಅಂಥ ಮನೆಯ ಚಾವಡಿಯಲ್ಲಿ ಐದು ವರ್ಷದಿಂದ ಒಂದು ಉಪ್ಪುನೀರಿನ ಟ್ಯಾಂಕ್ ಇದೆ, ಅದರೊಳಗೆ ಒಂದು ಲಯನ್‌ಫಿಶ್ ಇದೆ. ತಂದವನು ಮಗ. ಅವನು ಕೆಲಸ ಸಿಕ್ಕಿ ಪುಣೆಗೆ ಹೋದ, ಮೀನು ನನ್ನ ಪಾಲಿಗೆ ಉಳಿಯಿತು.

ನೋಡಲು ಬಂದವರೆಲ್ಲ ಮೊದಲು ಕೇಳುವುದು ವಿಷದ ವಿಚಾರ. ಬೆನ್ನ ಮೇಲೆ 13, ಹೊಟ್ಟೆಯಡಿಯಲ್ಲಿ 2, ಬಾಲದ ಹತ್ತಿರ ಕೆಳಗಡೆ 3, ಹೀಗೆ 18 ಮುಳ್ಳುಗಳಲ್ಲಿ ವಿಷವಿದೆ. ಒಮ್ಮೆ ಗಾಜು ಉಜ್ಜುವಾಗ ನನಗೇ ಚುಚ್ಚಿತು. ಬೆರಳಿನಿಂದ ಮೊಣಕೈವರೆಗೆ ಉರಿ ಏರಿತು. ಆ ವಿಷ ಶಾಖಕ್ಕೆ ಕೆಡುವಂಥದ್ದು. ಚರ್ಮ ತಾಳುವಷ್ಟು ಬಿಸಿನೀರಿನಲ್ಲಿ ಕೈಯಿಟ್ಟುಕೊಂಡು ಒಂದು ಗಂಟೆ ಕೂತೆ, ಆಮೇಲೆ ಡಾಕ್ಟರರ ಹತ್ತಿರ ಹೋದೆ. ಅದೇನು ನನ್ನ ಮೇಲೆ ಏರಿ ಬಂದಿರಲಿಲ್ಲ, ನನ್ನ ಕೈಯೇ ಅದರ ಮೈಗೆ ಹೋಗಿತ್ತು. ಬೇಟೆಗೆ ಅದು ವಿಷವನ್ನು ಬಳಸುವುದೇ ಇಲ್ಲ. ವಿಷ ಇರುವುದು ಕಾವಲಿಗೆ. ಆತ್ಮರಕ್ಷಣೆಗಾಗಿ ನಡೆಯುವ ವಿರೋಧಿ ಹಿಂಸೆಯನ್ನು ನಮ್ಮ ಧರ್ಮ ಗೃಹಸ್ಥನಿಗೆ ನಿಷೇಧಿಸಿಲ್ಲ. ಮನುಷ್ಯನಿಗೆ ಇರುವ ಆ ಅವಕಾಶ ಮೀನಿಗೆ ಇಲ್ಲ ಎನ್ನಲು ನಾನು ಯಾರು?

ಅದರ ಬಾಯಿಯನ್ನೂ ನಾನು ದೂರಲಾರೆ. ಇಳಿಹೊತ್ತಿಗೆ ಪಕ್ಕದ ರೆಕ್ಕೆಗಳನ್ನು ಬೀಸಣಿಗೆಯ ಹಾಗೆ ಹರಡಿ, ಸಣ್ಣ ಮೀನನ್ನು ಮೆಲ್ಲನೆ ಮೂಲೆಗೆ ಒತ್ತಿ, ಕಣ್ಣು ಮಿಟುಕಿಸುವಷ್ಟರಲ್ಲಿ ಇಡಿಯಾಗಿ ನುಂಗುತ್ತದೆ. ಹಾಗೆ ತಿನ್ನದೆ ಅದು ಬದುಕಲಾರದು.

ಹಾಗಾದರೆ ಈ ಮನೆಯಲ್ಲಿ ನಡೆಯುತ್ತಿರುವ ಹಿಂಸೆ ಯಾರದ್ದು? ಉತ್ತರ ನನಗೆ ಸಿಕ್ಕಿದ್ದು ಒಂದು ಸಂಜೆ. ಮಗ ಆಗ ಊರಿನಲ್ಲೇ ಇದ್ದ. ಅವನ ಗೆಳೆಯರು ಸೇರಿದ್ದರು, ಪ್ಲಾಸ್ಟಿಕ್ ಚೀಲದಲ್ಲಿ ಆರು ಗಪ್ಪಿ ಮೀನು ತಂದಿದ್ದರು. ಐದು ಹೋದವು. ಆರನೆಯದು ಕಲ್ಲಿನ ಸಂದಿಯಲ್ಲಿ ಅಡಗಿತು. ಹುಡುಗರು ಗಲಾಟೆ ಮಾಡುತ್ತಿದ್ದರು, ನಾನು ಹಿಂದೆ ಸುಮ್ಮನೆ ನಿಂತಿದ್ದೆ. ಅದು ಹೊರಗೆ ಬಂದೊಡನೆ ನನ್ನ ಮನಸ್ಸು 'ಹಿಡಿ' ಎಂದಿತು. ತುಟಿ ಅಲುಗಲಿಲ್ಲ; ಯಾರಿಗೂ ಗೊತ್ತಾಗಲಿಲ್ಲ.

ಜೈನ ಆಚಾರ್ಯ ಕುಂದಕುಂದರ ಭಾವಪಾಹುಡದಲ್ಲಿ ಶಾಲಿಸಿಕ್ಥ ಮತ್ಸ್ಯದ ಪ್ರಸ್ತಾಪವಿದೆ. ಕಥೆಯನ್ನು ಚಿಕ್ಕಂದಿನಲ್ಲಿ ಅಜ್ಜ ಹೇಳಿದ್ದರು. ಸ್ವಯಂಭೂರಮಣ ಸಮುದ್ರದಲ್ಲೊಂದು ಮಹಾಮತ್ಸ್ಯ, ಅದರ ಕಿವಿಯಲ್ಲಿ ಅಕ್ಕಿಕಾಳಿನಷ್ಟು ಒಂದು ಮೀನು. ದೊಡ್ಡದು ಬಾಯಿ ತೆರೆದು ಮಲಗಿದಾಗ ಎಷ್ಟೋ ಮೀನುಗಳು ಒಳಗೆ ಹೋಗಿ ಹೊರಗೆ ಬರುತ್ತವೆ. 'ಇಷ್ಟು ದೊಡ್ಡ ಬಾಯಿ ನನಗಿದ್ದರೆ ಒಂದನ್ನೂ ಬಿಡುತ್ತಿರಲಿಲ್ಲ' ಎಂದು ಆ ಅಕ್ಕಿಕಾಳು ಹಲುಬುತ್ತದೆ. ಒಂದು ಮೀನನ್ನೂ ತಿನ್ನದೆ, ಭಾವವೊಂದರಿಂದಲೇ ಏಳನೆಯ ನರಕಕ್ಕೆ ಹೋಗುತ್ತದೆ. ಇದು ಸಣ್ಣ ತಪ್ಪಿಗೆ ತೀರಾ ದೊಡ್ಡ ಶಿಕ್ಷೆ ಎಂದು ಅರುವತ್ತು ವರ್ಷ ಅಂದುಕೊಂಡಿದ್ದೆ. ಆ ಸಂಜೆಯ ನಂತರ ಹಾಗೆ ಅನ್ನಿಸಿಲ್ಲ. ಟ್ಯಾಂಕಿನೊಳಗಿನ ಮೀನು ಹಸಿವಿಗೆ ತಿಂದಿತ್ತು. ಹಸಿವಿಲ್ಲದೆ ಬಾಯಿ ತೆರೆದದ್ದು ಗಾಜಿನ ಈಚೆಗೆ ನಿಂತಿದ್ದ ನಾನು.

ಮಾರನೆಯ ದಿನದಿಂದ ಜೀವಂತ ಮೀನು ಹಾಕುವುದನ್ನು ನಿಲ್ಲಿಸಿದೆವು. ಸತ್ತ ಸಿಗಡಿಯನ್ನು ಸಣ್ಣ ಕಡ್ಡಿಗೆ ಸಿಕ್ಕಿಸಿ, ಜೀವ ಇರುವಂತೆ ಅಲುಗಿಸಿ ಅಭ್ಯಾಸ ಮಾಡಿಸಲು ಮೂರು ವಾರ ಹಿಡಿಯಿತು. ಇದರಿಂದ ದೋಷ ಕಳೆಯಿತೆಂದು ನಾನು ಹೇಳುವುದಿಲ್ಲ. ಕೃತ, ಕಾರಿತ, ಅನುಮೋದನೆ: ಮಾಡಿದ್ದು, ಮಾಡಿಸಿದ್ದು, ಒಪ್ಪಿದ್ದು ಮೂರೂ ಲೆಕ್ಕಕ್ಕೆ ಬರುತ್ತವೆ. ದುಡ್ಡು ಕೊಟ್ಟು ಸಿಗಡಿ ತರಿಸುವವನು ನಾನೇ. ಆದರೆ ಕೊಲ್ಲುವುದನ್ನು ನೋಡುವ ಆಟ ನಮ್ಮ ಮನೆಯಲ್ಲಿ ನಿಂತಿತು.

ಅಮ್ಮನಿಗೆ ಎಂಬತ್ತನಾಲ್ಕು. "ಮಗಾ, ಇದನ್ನು ಕಡಲಿಗೆ ಬಿಟ್ಟು ಬಾ, ಅಭಯದಾನದ ಪುಣ್ಯ ಬರುತ್ತದೆ," ಎಂದು ಪರ್ಯೂಷಣದಲ್ಲಿ ಪ್ರತಿ ವರ್ಷ ಹೇಳುತ್ತಾರೆ. ಅಮ್ಮನ ಮಾತು ನಾನು ಮೀರುತ್ತಿರುವುದು ಇದೊಂದರಲ್ಲೇ. ನಮ್ಮದು ಇಂಡೋನೇಷ್ಯಾ ಕಡೆಯಿಂದ ಬಂದ ಮೀನೆಂದು ಅಂಗಡಿಯವರು ಹೇಳಿದ್ದರು. ಇದೇ ಜಾತಿ 1985ರಲ್ಲಿ ಅಮೆರಿಕದ ಫ್ಲೋರಿಡಾ ಕರಾವಳಿಯಲ್ಲಿ ಕಾಣಿಸಿತು, ಅದರ ಊರಲ್ಲದ ನೀರಿನಲ್ಲಿ. ಸಾಕಿದವರು ಬಿಟ್ಟದ್ದರಿಂದಲೇ ಇರಬೇಕೆಂದು ವಿಜ್ಞಾನಿಗಳು ಹೇಳುತ್ತಾರೆ. ಒಂದು ಹೆಣ್ಣು ವರ್ಷಕ್ಕೆ ಇಪ್ಪತ್ತು ಲಕ್ಷದಷ್ಟು ಮೊಟ್ಟೆ ಇಡಬಲ್ಲದು. ಕೆರಿಬಿಯನ್ ಸಮುದ್ರದುದ್ದಕ್ಕೂ ಹಬ್ಬಿ ಹವಳದ ದಿಬ್ಬಗಳ ಸಣ್ಣ ಮೀನುಗಳನ್ನು ಬರಿದು ಮಾಡುತ್ತಿದೆ. ಬಿಟ್ಟವರಲ್ಲಿ ಯಾರಾದರೂ ಕನಿಕರದಿಂದಲೇ ಬಿಟ್ಟಿರಬಹುದು.

ತತ್ತ್ವಾರ್ಥಸೂತ್ರ ಗೃಹಸ್ಥನ ಅಹಿಂಸಾಣುವ್ರತಕ್ಕೆ ಐದು ಅತಿಚಾರಗಳನ್ನು, ಅಂದರೆ ವ್ರತಕ್ಕೆ ತಗಲುವ ದೋಷಗಳನ್ನು, ಹೇಳುತ್ತದೆ. ಮೊದಲನೆಯದು ಕಟ್ಟಿಹಾಕುವುದು, ಕೊನೆಯದು ಅನ್ನನೀರು ತಡೆಯುವುದು. ಮೊದಲನೆಯದನ್ನು ನಮ್ಮ ಮನೆ ಮಾಡಿಯಾಗಿದೆ, ಗಾಜು ಒಡೆದರೂ ಅದು ಸರಿಯಾಗುವುದಿಲ್ಲ. ಕೊನೆಯದನ್ನು ಮಾಡದೆ ಉಳಿಯುವುದು ಮಾತ್ರ ನನ್ನ ಕೈಯಲ್ಲಿದೆ. ಈ ಮೀನು ಹತ್ತು ವರ್ಷಕ್ಕೂ ಹೆಚ್ಚು ಬದುಕಬಲ್ಲದು, ನನಗೀಗ ಅರುವತ್ತೆಂಟು. ನನ್ನ ನಂತರ ನೋಡಿಕೊಳ್ಳುವುದಾಗಿ ಮಗ ಮಾತು ಕೊಟ್ಟಿದ್ದಾನೆ. ಇದು ತೀರಿದ ಮೇಲೆ ಇನ್ನೊಂದು ಬರುವುದಿಲ್ಲ.

ನಮ್ಮ ಊಟ ಆರು ಗಂಟೆಯೊಳಗೆ ಮುಗಿಯುತ್ತದೆ. ಆರೂವರೆಗೆ ನಾನು ಕಡ್ಡಿ ಹಿಡಿದು ಟ್ಯಾಂಕಿನ ಮುಂದೆ ನಿಲ್ಲುತ್ತೇನೆ, ಸಿಗಡಿ ಬಿಟ್ಟೊಡನೆ ಮುಖ ತಿರುಗಿಸುತ್ತೇನೆ.