ಕಂಡ ಮೇಲೆ ಅದೃಷ್ಟವೇ?

ಕಂಪ್ಯೂಟರಿಗೆ ನಾಣ್ಯ ಚಿಮ್ಮಲು ಬರುವುದಿಲ್ಲ. ನಾವು ಚಿಮ್ಮಿದ ನಾಣ್ಯ ಗಾಳಿಯಲ್ಲಿ ಹೊರಳಿ, ನೆಲಕ್ಕೆ ಬಿದ್ದು, ಕೆಲವೊಮ್ಮೆ ಸೋಫಾದ ಕೆಳಗೂ ಉರುಳಿ ಹೋಗುತ್ತದೆ. ಕಂಪ್ಯೂಟರಿನ ಹತ್ತಿರ ಗಾಳಿಯೂ ಇಲ್ಲ, ನೆಲವೂ ಇಲ್ಲ. ಕೂಡುವುದು, ಗುಣಿಸುವುದು, ಇಷ್ಟೇ ಅದಕ್ಕೆ ಗೊತ್ತು. ‘ಯಾವುದಾದರೂ ಒಂದು ಸಂಖ್ಯೆ ಹೇಳಪ್ಪ’ ಎಂದರೆ ಅದು ಹಿಂದೆ ಹೇಳಿದ್ದ ಸಂಖ್ಯೆಯನ್ನೇ ತೆಗೆದುಕೊಂಡು, ಗುಣಿಸಿ, ಕೂಡಿ, ಬಂದದ್ದರಲ್ಲಿ ಒಂದು ತುಂಡನ್ನು ಕತ್ತರಿಸಿ ನಮ್ಮ ಮುಂದಿಡುತ್ತದೆ. ಪೋಕೆಮಾನ್ ಆಟದ ಹಳೆಯ ಕಂತುಗಳಲ್ಲಿ ಗುಣಿಸುವ ಸಂಖ್ಯೆ 1103515245, ಕೂಡುವ ಸಂಖ್ಯೆ 24691. ಮೊಟ್ಟಮೊದಲ ಸಂಖ್ಯೆಗೆ ಬೀಜ ಎನ್ನುತ್ತಾರೆ. ಬೀಜ ಗೊತ್ತಾದವರಿಗೆ ಮುಂದಿನದೆಲ್ಲ ಯಾರೋ ಆಗಲೇ ಬರೆದು ಮುಗಿಸಿದ ಖಾತೆ ಪುಸ್ತಕ.

ನಮ್ಮ ಭಾಷೆಗೆ ಈ ಸಂಗತಿ ಮೊದಲೇ ತಿಳಿದಿತ್ತೇನೋ. ಅದೃಷ್ಟ ಎಂದರೆ ಕಾಣದ್ದು, ಅಷ್ಟೆ. ಇಲ್ಲದ್ದು ಎಂದಲ್ಲ, ಕಾರಣವಿಲ್ಲದ್ದು ಎಂದೂ ಅಲ್ಲ. ಹಣೆಬರಹ ಎಂಬ ಮಾತೂ ಹಾಗೆಯೇ: ಬರೆದಾಗಿದೆ, ಆದರೆ ಬರೆದದ್ದು ನಮ್ಮದೇ ಹಣೆಯ ಮೇಲಾದ್ದರಿಂದ ನಮಗೆ ಓದಲು ಬರುವುದಿಲ್ಲ. ಹಾಗಾದರೆ ಕನ್ನಡಿ ಸಿಕ್ಕವನು ಏನು ಮಾಡಬೇಕು? ಈ ಪ್ರಬಂಧ ಬರೆಯಲು ಕಾರಣ ಈ ಪ್ರಶ್ನೆ.

ಆಟ ಗೊತ್ತಿಲ್ಲದವರಿಗೆ ಎರಡು ಮಾತು. ಪೋಕೆಮಾನ್‌ನಲ್ಲಿ ವಿಚಿತ್ರ ಪ್ರಾಣಿಗಳನ್ನು ಹಿಡಿಯಬಹುದು, ಸಾಕಬಹುದು, ಜೋಡಿ ಮಾಡಿ ಮೊಟ್ಟೆ ಪಡೆಯಬಹುದು, ಗೆಳೆಯರೊಡನೆ ವಿನಿಮಯ ಮಾಡಿಕೊಳ್ಳಬಹುದು. ಪ್ರತಿ ಪ್ರಾಣಿಗೂ ಆರು ಸಾಮರ್ಥ್ಯಗಳು. ಹುಟ್ಟುವಾಗಲೇ ಒಂದೊಂದಕ್ಕೂ 0ಯಿಂದ 31ರವರೆಗೆ ಅಂಕ ಬಿದ್ದಿರುತ್ತದೆ. ಕಾಡಿನಲ್ಲಿ ಸಿಕ್ಕ ಪ್ರಾಣಿಯೊಂದಕ್ಕೆ ಆರರಲ್ಲೂ 31 ಇರುವ ಸಂಭವ 107 ಕೋಟಿಯಲ್ಲಿ ಒಂದು. ಇದರ ಜೊತೆಗೆ 25 ಸ್ವಭಾವಗಳಲ್ಲಿ ಒಂದು ಅದಕ್ಕೆ ಅಂಟುತ್ತದೆ. ಇವೆಲ್ಲಕ್ಕಿಂತ ಮಕ್ಕಳ ಜೀವ ಹಿಂಡುವುದು ಬಣ್ಣ. ಬೇರೆಯೇ ಬಣ್ಣದ ‘ಶೈನಿ’ ಹುಟ್ಟುವ ಸಂಭವ ಆಗಿನ ಕಂತುಗಳಲ್ಲಿ 8192ರಲ್ಲಿ ಒಂದು. 2013ರಿಂದ ಅದನ್ನು 4096ಕ್ಕೆ ಇಳಿಸಿದರು.

ಈಗ ಕನ್ನಡಿಯ ವಿಷಯ. 2004ರ ಎಮರಾಲ್ಡ್ ಕಂತಿನಲ್ಲಿ ಬೀಜವನ್ನು ಬದಲಿಸಲು ತಯಾರಕರು ಮರೆತಿದ್ದರು. ಯಂತ್ರ ಹೊತ್ತಿಸಿದಾಗಲೆಲ್ಲ ಸರಣಿ ಸೊನ್ನೆಯಿಂದಲೇ ಶುರು. ಆಮೇಲಿನ ಪ್ಲಾಟಿನಂನಂಥ ಕಂತುಗಳಲ್ಲಿ ಸ್ವಲ್ಪ ಬುದ್ಧಿವಂತಿಕೆ ಬಂತು: ತಿಂಗಳನ್ನು ತಾರೀಖಿನಿಂದ ಗುಣಿಸಿ, ನಿಮಿಷ ಸೆಕೆಂಡುಗಳನ್ನು ಕೂಡಿ, ಗಂಟೆಯನ್ನೂ ಇಸವಿಯನ್ನೂ ಸೇರಿಸಿ, ಯಂತ್ರ ಹೊತ್ತಿಕೊಂಡು ಎಷ್ಟು ಹೊತ್ತಾಯಿತು ಎಂಬುದನ್ನು ಸೆಕೆಂಡಿನ ಅರವತ್ತನೇ ಒಂದು ಭಾಗದ ಲೆಕ್ಕದಲ್ಲಿ ಬೆರೆಸಿ ಬೀಜ ಮಾಡುತ್ತಾರೆ. ಓದುತ್ತಿದ್ದಂತೆ ನನಗೆ ನಗು ಬಂತು. ಇದು ಜಾತಕವಲ್ಲದೆ ಮತ್ತೇನು! ನಮ್ಮವರು ಒಳ್ಳೆಯ ನಕ್ಷತ್ರ ನೋಡಿ ಸಿಸೇರಿಯನ್ನಿಗೆ ಹೊತ್ತು ಗೊತ್ತು ಮಾಡಿಸುವುದಿಲ್ಲವೇ? ಇಲ್ಲಿಯೂ ಅದೇ. ಆರ್‌ಎನ್‌ಜಿ ರಿಪೋರ್ಟರ್ ಎಂಬ ತಂತ್ರಾಂಶದಲ್ಲಿ ಬೇಕಾದ ಪ್ರಾಣಿಯ ಗುಣಗಳನ್ನು ತುಂಬಿದರೆ ಅದು ಮುಹೂರ್ತ ಹೇಳುತ್ತದೆ. ಯಂತ್ರದ ಗಡಿಯಾರವನ್ನು ಆ ದಿನಕ್ಕೆ ತಿರುಗಿಸಿಟ್ಟು, ಕ್ಷಣ ನೋಡಿ ಗುಂಡಿ ಒತ್ತಬೇಕು. ಒತ್ತಿದ್ದು ಸರಿಯೇ ಎಂದು ತಿಳಿಯಲು ಆಟದೊಳಗಿನ ನಾಣ್ಯ ಚಿಮ್ಮಿ ನೋಡುತ್ತಾರೆ. ತಲೆ, ತಲೆ, ಬಾಲ, ತಲೆ ಎಂದು ಪಟ್ಟಿಯಲ್ಲಿರುವಂತೆಯೇ ಬಿದ್ದರೆ ಬೀಜ ಸಿಕ್ಕಿತು. ಆಮೇಲೆ ಸರಣಿಯಲ್ಲಿ ಮುಂದೆ ಸಾಗಲು ಆಟದ ಜರ್ನಲ್ಲಿನ ಪುಟ ತಿರುವುತ್ತಾರೆ. ಒಂದು ಪುಟಕ್ಕೆ ಎರಡು ಹೆಜ್ಜೆ. ಇಪ್ಪತ್ತು ವರ್ಷ ಜರ್ನಲ್ಲಿನ ಪುಟ ತಿರುವಿ ಹೊಟ್ಟೆ ಹೊರೆದ ನನಗೆ ಈ ವಿವರ ವಿಶೇಷವಾಗಿ ಹಿಡಿಸಿತು.

ಈ ವಿದ್ಯೆಯನ್ನು ನನಗೆ ಹೇಳಿದವಳು ಹದಿನೈದರ ಮಗಳು. ಹೆಚ್ಚುಕಡಿಮೆ ಅವಳಷ್ಟೇ ವಯಸ್ಸಿನ ಒಂದು ಡಿಎಸ್ ಯಂತ್ರವನ್ನು ಗರಾಜ್ ಸೇಲಿನಲ್ಲಿ ಕೊಂಡಿದ್ದಳು. ಒಂದು ಶನಿವಾರ ಸಂಜೆ, ಹತ್ತಾರು ಸಲ ಗಡಿಯಾರ ತಿರುಗಿಸಿ, ಬೆಳ್ಳಿ ಬಿಳುಪಿನ ಈವಿಯೊಂದನ್ನು ಮೊಟ್ಟೆಯಿಂದ ಹೊರತಂದಳು. ಮುಂದಿನ ವಾರ ಅದನ್ನು ಸಹಪಾಠಿಯೊಬ್ಬನಿಗೆ ಕೊಟ್ಟು ಅವನ ನಸುಗೆಂಪು ಡ್ರಾಟಿನಿಯನ್ನು ಪಡೆದಳು. ಅವನು ಆ ಡ್ರಾಟಿನಿಗಾಗಿ ಬೇಸಿಗೆ ರಜೆಯೆಲ್ಲ ಸವೆಸಿದ್ದ. 1,140 ಮೊಟ್ಟೆ. ಒಂದೊಂದಕ್ಕೂ ನೋಟ್‌ಬುಕ್ಕಿನಲ್ಲಿ ಗೀಟು ಹಾಕಿದ್ದಾನೆ, ಐದೈದಕ್ಕೆ ಅಡ್ಡ ಗೆರೆ. ನಾನು ಆ ಪುಸ್ತಕ ನೋಡಿದ್ದೇನೆ; ಬಹಳ ಕಂಪನಿಗಳ ಸ್ಟಾಕ್ ರಿಜಿಸ್ಟರಿಗಿಂತ ಅಚ್ಚುಕಟ್ಟು. ಈವಿ ಹುಟ್ಟಿದ ಬಗೆ ತಿಳಿದ ದಿನ ಅವನು ಇವಳೊಡನೆ ಮಾತು ಬಿಟ್ಟ.

‘ಆಟದೊಳಗಿನ ಒಂದಕ್ಷರವನ್ನೂ ನಾನು ತಿದ್ದಿಲ್ಲ. ಸರಿಯಾದ ಹೊತ್ತಿಗೆ ಗುಂಡಿ ಒತ್ತಿದೆ. ಅದೂ ಮೋಸವಾ?’ ಎಂದು ಮಗಳ ವಾದ. ಇನ್ನೊಂದು ಮಾತನ್ನೂ ಸೇರಿಸಿದಳು: ‘ಅವನೂ ಜಪಾನೀ ಆಟದ ಪ್ರಾಣಿಯನ್ನು ಜೋಡಿ ಮಾಡಿದ್ದ.’ ನಿಜ. ಎರಡು ಬೇರೆ ಭಾಷೆಯ ಆಟಗಳಿಂದ ಬಂದ ಜೋಡಿಗೆ ಶೈನಿ ಹುಟ್ಟುವ ಸಂಭವ ಹೆಚ್ಚು. ಪ್ಲಾಟಿನಂ ಕಾಲದಲ್ಲಿ ಸುಮಾರು ಐದು ಪಟ್ಟು. ತಯಾರಕರಲ್ಲೊಬ್ಬರಾದ ಜುನಿಚಿ ಮಸುದಾ ಅವರ ಹೆಸರೇ ಆ ವಿಧಾನಕ್ಕಿದೆ. (ಪರದೇಶದಲ್ಲಿ ಬೇರೆ ಭಾಷೆಯವರನ್ನು ಮದುವೆಯಾದ ನಮ್ಮ ಮಕ್ಕಳು ಈ ನಿಯಮವನ್ನು ಅಪ್ಪ ಅಮ್ಮಂದಿರಿಗೆ ಓದಿ ಹೇಳಬಹುದು.) ಆದರೆ ಅದು ಮನೆಯವರೇ ತೆರೆದಿಟ್ಟ ಬಾಗಿಲು. ಇವಳದು ಹಿತ್ತಿಲ ಬೇಲಿಯ ಸಂದು. ಎರಡೂ ಒಂದೇ ಅಂಗಳಕ್ಕೆ ತಲುಪಿಸುತ್ತವೆ ಎಂಬುದೂ ಸುಳ್ಳಲ್ಲ.

ಹೆಂಡತಿ ಒಂದೇ ಮಾತಿನಲ್ಲಿ ತೀರ್ಪು ಕೊಟ್ಟು ಒಗ್ಗರಣೆಗೆ ಹೋದಳು: ‘ಹೇಳಿ ಕೊಡಬೇಕಿತ್ತು.’ ನನಗೆ ಅಲ್ಲಿಗೆ ತಲುಪಲು ಸುತ್ತು ಹಾಕಬೇಕಾಗಿದೆ.

ಮೊದಲು ಹೊಳೆದದ್ದು ಲೆಕ್ಕಿಗನ ಉತ್ತರ. ಬೇಸಿಗೆಯೆಲ್ಲ ಖರ್ಚಾದದ್ದು ಹುಡುಗನ ವೆಚ್ಚ. ವೆಚ್ಚ ಬೇರೆ, ಬೆಲೆ ಬೇರೆ. ಕೊಟ್ಟ ಈವಿ ನಕಲಿಯಲ್ಲ, ಅದರ ಒಂದೊಂದು ಅಂಕವೂ ಆಟದ ಲೆಕ್ಕಕ್ಕೆ ಸರಿಹೊಂದುತ್ತದೆ. ಶ್ರಮ ಹೆಚ್ಚಾದ ಮಾತ್ರಕ್ಕೆ ಸರಕಿನ ಬೆಲೆ ಹೆಚ್ಚುವುದಾದರೆ ಸೋಮಾರಿ ಬಡಗಿಯ ಕುರ್ಚಿಯೇ ಊರಿಗೆಲ್ಲ ದುಬಾರಿಯಾಗಬೇಕು. ಈ ಉತ್ತರದಲ್ಲಿ ತಪ್ಪು ಹುಡುಕುವುದು ಕಷ್ಟ. ಆದರೂ ಅದನ್ನು ಆ ಹುಡುಗನ ಮುಂದೆ ನಿಂತು ಹೇಳಲು ನನ್ನಿಂದಾಗದು.

ಅಮೆರಿಕದಲ್ಲಿ ಇಂಥ ಎರಡು ಪ್ರಕರಣಗಳು ಹೆಸರಾಗಿವೆ. 1984ರಲ್ಲಿ ‘ಪ್ರೆಸ್ ಯುವರ್ ಲಕ್’ ಎಂಬ ಟಿವಿ ಆಟಕ್ಕೆ ಒಹಾಯೋದಿಂದ ಮೈಕಲ್ ಲಾರ್ಸನ್ ಎಂಬುವನು ಬಂದ. ಹಲಗೆಯ ಮೇಲೆ ಬೆಳಕು ಎಲ್ಲೆಂದರಲ್ಲಿ ಜಿಗಿಯುತ್ತದೆ ಎಂದು ಎಲ್ಲರೂ ತಿಳಿದಿದ್ದರು. ಇವನು ಮನೆಯಲ್ಲಿ ಕುಳಿತು ವೀಡಿಯೊ ಟೇಪನ್ನು ಮತ್ತೆ ಮತ್ತೆ ನೋಡಿ, ಬೆಳಕು ಐದೇ ಐದು ಜಾಡಿನಲ್ಲಿ ಓಡುತ್ತದೆಂದು ಕಂಡುಕೊಂಡಿದ್ದ. 1,10,237 ಡಾಲರ್ ಗೆದ್ದ. ಸಿಬಿಎಸ್‌ನವರು ತಲೆ ಕೆರೆದುಕೊಂಡು, ನಿಯಮ ಮುರಿದಿಲ್ಲವೆಂದು ಹಣ ಕೊಟ್ಟರು. ಇನ್ನೊಬ್ಬ ಎಡ್ಡಿ ಟಿಪ್ಟನ್. ಹಲವು ರಾಜ್ಯಗಳ ಲಾಟರಿ ನಡೆಸುವ ಸಂಸ್ಥೆಯ ಅಯೋವಾ ಕಚೇರಿಯಲ್ಲಿ ಮಾಹಿತಿ ಸುರಕ್ಷತೆಯ ಮುಖ್ಯಸ್ಥ. ವರ್ಷದ ಕೆಲವು ದಿನಗಳಲ್ಲಿ ಮಾತ್ರ ಊಹಿಸಬಹುದಾದ ಸಂಖ್ಯೆಗಳು ಬೀಳುವಂತೆ ತಂತ್ರಾಂಶದಲ್ಲೇ ಬರೆದಿಟ್ಟು, 2010ರ ಡಿಸೆಂಬರಿನಲ್ಲಿ 1.65 ಕೋಟಿ ಡಾಲರಿನ ಬಹುಮಾನಕ್ಕೆ ಕೈ ಹಾಕಿದ. 2017ರಲ್ಲಿ ಅವನಿಗೆ 25 ವರ್ಷದವರೆಗಿನ ಸೆರೆಯ ಶಿಕ್ಷೆಯಾಯಿತು.

ಒಬ್ಬ ಬರೆದದ್ದನ್ನು ಓದಿದ, ಇನ್ನೊಬ್ಬ ತಾನೇ ಬರೆದ. ಮಗಳು ಲಾರ್ಸನ್‌ನ ಕಡೆಯವಳು, ಹಾಗಾಗಿ ಬಿಡುಗಡೆ ಎನ್ನಬಹುದಿತ್ತು. ಆದರೆ ಆ ದಿನ ಲಾರ್ಸನ್‌ನ ಪಕ್ಕ ಇನ್ನಿಬ್ಬರು ಸ್ಪರ್ಧಿಗಳು ಕುಳಿತಿದ್ದರು. ಅವರು ಬೆಳಕು ಎತ್ತೆತ್ತಲೋ ಜಿಗಿಯುತ್ತದೆಂದೇ ನಂಬಿ ಗುಂಡಿ ಒತ್ತಿದವರು. ಟಿವಿಯವರ ಹಣದ ಬಗ್ಗೆ ನನಗೆ ಚಿಂತೆಯಿಲ್ಲ. ಈ ಇಬ್ಬರ ವಿಷಯದಲ್ಲಿ ಮಾತ್ರ ಮನಸ್ಸು ಒಪ್ಪುವುದಿಲ್ಲ.

ನಳನ ಕಥೆಯಲ್ಲೂ ಈ ಮುಳ್ಳಿದೆ. ರಥದಲ್ಲಿ ಹೋಗುತ್ತಾ ಋತುಪರ್ಣ ತಾರೆ ಮರವೊಂದನ್ನು ನೋಡಿ, ಅದರ ಎರಡು ಕೊಂಬೆಗಳಲ್ಲಿ 2095 ಕಾಯಿಗಳಿವೆ ಎನ್ನುತ್ತಾನೆ. ನಳ ರಥ ನಿಲ್ಲಿಸಿ, ಇಳಿದು, ಎಣಿಸಿಯೇ ನಂಬುತ್ತಾನೆ. ಪುರಾಣಗಳಲ್ಲಿ ಭೌತಿಕ ತಪಾಸಣೆ ಮಾಡಿದ ಆಡಿಟರ್ ನನಗೆ ಗೊತ್ತಿರುವಂತೆ ಇವನೊಬ್ಬನೇ. ಆ ಕಾಯಿಗಳೇ ಅಂದಿನ ಪಗಡೆ ದಾಳಗಳು. ಋತುಪರ್ಣ ಅಕ್ಷಹೃದಯವನ್ನು, ದಾಳದ ಒಳಗುಟ್ಟನ್ನು, ನಳನಿಗೆ ಕೊಡುತ್ತಾನೆ. ಬದಲಿಗೆ ಕುದುರೆಯ ವಿದ್ಯೆಯನ್ನು ಕೇಳುತ್ತಾನೆ. ಆಮೇಲೆ ನಳ ತಮ್ಮ ಪುಷ್ಕರನೊಡನೆ ಆಡಿ ರಾಜ್ಯವನ್ನು ಮರಳಿ ಗೆಲ್ಲುತ್ತಾನೆ. ದಾಳ ಬಲ್ಲ ಶಕುನಿ ಕಪಟಿ, ದಾಳ ಬಲ್ಲ ನಳ ಪುಣ್ಯಶ್ಲೋಕ. ನಾವು ಹೀಗೆ ಕೇಳಿಯೇ ಬೆಳೆದವರು. ಪುಷ್ಕರ ಮೊದಲು ಗೆದ್ದದ್ದು ಕಲಿಯ ಬೆಂಬಲದಿಂದ, ಹಾಗಾಗಿ ನಳನದು ಲೆಕ್ಕ ಚುಕ್ತಾ ಮಾಡಿದಂತೆ ಎನ್ನಬಹುದು. ಆದರೆ ಕುಳಿತು ಆಡುವ ಮೊದಲು ‘ನನಗೀಗ ಗುಟ್ಟು ಗೊತ್ತು’ ಎಂದು ನಳ ಪುಷ್ಕರನಿಗೆ ಹೇಳಲಿಲ್ಲ. ಗೆದ್ದ ಮೇಲೆ ಅವನ ಪಾಲನ್ನು ಅವನಿಗೇ ಬಿಟ್ಟುಕೊಟ್ಟು ಕಳಿಸಿದ. ಆ ಹಿಂದಿರುಗಿಸುವಿಕೆಯಲ್ಲಿ ಔದಾರ್ಯ ಮಾತ್ರ ಇತ್ತೋ, ಸ್ವಲ್ಪ ಅಳುಕೂ ಇತ್ತೋ!

ನನ್ನ ಕಸುಬಿನಲ್ಲಿ ಕಾಣದ್ದಕ್ಕೆ ಬೆಲೆಯಿದೆ. ಹತ್ತು ಸಾವಿರ ವೋಚರುಗಳನ್ನು ಒಂದೊಂದಾಗಿ ನೋಡಲಾಗದು, ನೂರನ್ನು ಹೆಕ್ಕುತ್ತೇವೆ. ನಾನು ಊರಿನಲ್ಲಿ ಆರ್ಟಿಕಲ್‌ಶಿಪ್ ಮಾಡುವಾಗ ನಮ್ಮ ಹಿರಿಯರು ಜೇಬಿನಿಂದ ಹತ್ತರ ನೋಟು ತೆಗೆದು, ಅದರ ನಂಬರಿನ ಕೊನೆಯ ಎರಡಂಕಿಯಿಂದ ಶುರು ಮಾಡುತ್ತಿದ್ದರು. ಕಾಫಿ ತರಿಸಿಕೊಟ್ಟು ‘ಸರ್, ಯಾವ ತಿಂಗಳದು ನೋಡ್ತೀರಿ?’ ಎಂದು ನಯವಾಗಿ ವಿಚಾರಿಸುವ ಗುಮಾಸ್ತರು ಎಲ್ಲ ಊರಿನಲ್ಲೂ ಇರುತ್ತಾರೆ. ಆ ಪ್ರಶ್ನೆಗೆ ಉತ್ತರ ಕೊಟ್ಟ ಗಳಿಗೆಗೆ ಆಡಿಟ್ ಸತ್ತಿತು. ಈಗ ಕಂಪ್ಯೂಟರ್ ಹೆಕ್ಕುತ್ತದೆ, ಅದಕ್ಕೂ ಬೀಜವಿದೆ. ಹೆಕ್ಕುವ ಮೊದಲು ಅದು ಯಾರಿಗೂ ತಿಳಿಯಬಾರದು. ಹೆಕ್ಕಿದ ಮೇಲೆ ಕಡತದಲ್ಲಿ ಬರೆದಿಡಬೇಕು, ಬೇರೊಬ್ಬರು ಅದೇ ನೂರನ್ನು ಹೆಕ್ಕಿ ನೋಡುವಂತಿರಬೇಕು. ಬೀಜ ಎಂಬ ವಸ್ತುವಿನಲ್ಲಿ ಪಾಪವಿಲ್ಲ. ಯಾರಿಗೆ, ಯಾವಾಗ ತಿಳಿಯಿತು ಎಂಬುದರಲ್ಲಿದೆ.

ಇಷ್ಟು ಬರೆದು ನಿಲ್ಲಿಸಬಹುದಿತ್ತು, ಆದರೆ ನಾನು ಈ ದೇಶದಲ್ಲಿರುವುದೇ ಒಂದು ಡ್ರಾದಿಂದ. 2014ರ ಏಪ್ರಿಲ್‌ನಲ್ಲಿ ಎಚ್-1ಬಿ ವೀಸಾಕ್ಕೆ ಬಂದ ಅರ್ಜಿಗಳು ಸುಮಾರು 1,72,500, ಇದ್ದ ಜಾಗ 85,000. ಕಂಪ್ಯೂಟರ್ ಹೆಕ್ಕಿತು. ನನ್ನದು ಬಂತು. ನನ್ನೊಂದಿಗೇ ಅರ್ಜಿ ಹಾಕಿದ್ದ ಗೆಳೆಯ, ಪರೀಕ್ಷೆಗಳಲ್ಲಿ ಯಾವಾಗಲೂ ನನಗಿಂತ ಮುಂದಿದ್ದವನು, ಉಳಿದುಕೊಂಡ. ಅವನ ಜೀವನ ಬೇರೆ ದಾರಿ ಹಿಡಿಯಿತು, ಎಲ್ಲವೂ ಒಳ್ಳೆಯದೇ ಆಯಿತೆಂದು ಹೇಳಲಾರೆ. ಈಗಲೂ ಊರಿಗೆ ಹೋದಾಗ ನಾವು ಜೊತೆಯಲ್ಲಿ ಕುಳಿತು ಊಟ ಮಾಡುತ್ತೇವೆ. ಹೇಗೆ ಸಾಧ್ಯವಾಗಿದೆ? ಆ ಬೀಜ ನನಗೂ ಕಂಡಿರಲಿಲ್ಲ, ಅವನಿಗೂ ಕಂಡಿರಲಿಲ್ಲ ಎಂಬುದರಿಂದ. ‘ನಿನ್ನ ಅದೃಷ್ಟ ಕಣೋ’ ಎಂದು ಅವನು ನಗುತ್ತಾ ಹೇಳುವಾಗ ಆ ಪದ ನಮ್ಮಿಬ್ಬರ ನಡುವಿನ ಜಂಟಿ ಆಸ್ತಿ. ಅಂದು ನನಗೆ ಮೊದಲೇ ತಿಳಿದಿದ್ದು, ಅದು ಅವನಿಗೆ ಹತ್ತು ವರ್ಷದ ಮೇಲೆ ಗೊತ್ತಾಗಿದ್ದರೆ? ಆಗ ಅವನು ಕಳೆದುಕೊಂಡದ್ದು ವೀಸಾ ಮಾತ್ರವಾಗಿರುತ್ತಿರಲಿಲ್ಲ.

ಆ ಡ್ರಾಕ್ಕೂ ಬೇಲಿಯ ಸಂದು ಹುಡುಕಿದವರಿದ್ದಾರೆ. 2023ರ ಮಾರ್ಚ್‌ನಲ್ಲಿ 7,80,884 ನೋಂದಣಿಗಳಾದವು. ಅದರಲ್ಲಿ 4 ಲಕ್ಷಕ್ಕೂ ಹೆಚ್ಚು, ಒಂದಕ್ಕಿಂತ ಹೆಚ್ಚು ಬಾರಿ ಹೆಸರು ಸೇರಿಸಿಕೊಂಡವರವು. ಮರುವರ್ಷ ಒಬ್ಬರಿಗೆ ಒಂದೇ ಅವಕಾಶ ಎಂದು ನಿಯಮ ತಂದರು. ಆ ನಡುವಿನ ವರ್ಷಗಳಲ್ಲಿ ಒಂದೇ ಚೀಟಿ ಹಾಕಿ, ಬರದೆ, ‘ನನ್ನ ಹಣೆಬರಹ’ ಎಂದುಕೊಂಡು ಪೆಟ್ಟಿಗೆ ಕಟ್ಟಿದವರು ನಮ್ಮಲ್ಲೇ ಎಷ್ಟೋ ಮಂದಿ. ಅವರ ಹಣೆಯ ಮೇಲೆ ಬರೆದವನು ಬ್ರಹ್ಮನೊಬ್ಬನೇ ಅಲ್ಲ.

ಮಗಳಿಗೆ ನಾನು ಹೇಳಿದ್ದು ಸ್ವಲ್ಪವೇ. ಒಬ್ಬಳೇ ಆಡುವಾಗ ಯಂತ್ರದ ಒಳಗುಟ್ಟು ಓದಿದರೆ ಯಂತ್ರಕ್ಕೇನೂ ಬೇಜಾರಿಲ್ಲ. ಅದರಲ್ಲಿ ಬುದ್ಧಿಯಿದೆ, ನನಗೆ ಹೆಮ್ಮೆಯೂ ಇದೆ. ಹುಡುಗ ಈವಿಯನ್ನು ತೆಗೆದುಕೊಂಡಾಗ ಅದರೊಂದಿಗೆ ಅದರ ಹುಟ್ಟಿನ ಕಥೆಯನ್ನೂ ತೆಗೆದುಕೊಂಡ. ಎಂಟು ಸಾವಿರಕ್ಕೊಂದು ಎಂಬ ಕಥೆ. ಅದು ಸುಳ್ಳೆಂದು ನಿನಗೆ ಗೊತ್ತಿತ್ತು. ಅವಳು ಎದುರು ವಾದಿಸಿದಳು: ‘ಅವನು ಕೇಳಲೇ ಇಲ್ಲ.’ ಈ ಉತ್ತರವನ್ನು ನಾನು ಆಫೀಸಿನಲ್ಲಿ ದೊಡ್ಡ ದೊಡ್ಡವರ ಬಾಯಲ್ಲಿ ಕೇಳಿದ್ದೇನೆ ಎಂದೆ. ಮುಖ ಊದಿಸಿಕೊಂಡು ಹೋದಳು.

ಡ್ರಾಟಿನಿಯನ್ನು ಹಿಂದಿರುಗಿಸಲು ಅವಳೇ ಹೋದಳಂತೆ. ಹುಡುಗ ಬೇಡವೆಂದ. ಅದರ ಬದಲು ಆ ವಿದ್ಯೆ ಹೇಳಿಕೊಡು ಎಂದ. ಒಂದು ಭಾನುವಾರ ನಮ್ಮ ಊಟದ ಮೇಜಿನ ಮೇಲೆ ಇಬ್ಬರೂ ಗಡಿಯಾರ ತಿರುಗಿಸುತ್ತಾ, ನಾಣ್ಯ ಚಿಮ್ಮುತ್ತಾ ಕುಳಿತರು. ಸಂಜೆಯ ಹೊತ್ತಿಗೆ ಅವನಿಗೂ ಒಂದು ಸಿಕ್ಕಿತು. ಅಷ್ಟಾದರೂ ಅವನು ಹಳೆಯ ರೀತಿಗೇ ಮರಳಿದ್ದಾನೆ. ಹೊಸ ನೋಟ್‌ಬುಕ್ ತೆರೆದಿದ್ದಾನೆ. ಮೊನ್ನೆ ವಿಚಾರಿಸಿದಾಗ 412ನೇ ಮೊಟ್ಟೆಯಲ್ಲಿದ್ದ.