ಗೋಡೆಯ ಮೇಲಿನ ಹೆಸರು

ನಮ್ಮ ಅಡಿಗೆಮನೆಗಳ ಅಟ್ಟದಲ್ಲಿ ಹುಡುಕಿದರೆ ಹೆಸರು ಕೊರೆಸಿದ ಪಾತ್ರೆಗಳು ಹತ್ತಾದರೂ ಸಿಗುತ್ತವೆ. ಮದುವೆಗೆ ಸೋದರಮಾವ ಕೊಟ್ಟ ಕೊಡ, ಗೃಹಪ್ರವೇಶಕ್ಕೆ ಅತ್ತಿಗೆ ಕೊಟ್ಟ ಡಬರಿ, ಯಾರದೋ ನೆನಪಿಗೆಂದು ಹಂಚಿದ ಸ್ಟೀಲಿನ ತಟ್ಟೆ. ಆ ಹೆಸರುಗಳನ್ನು ನಾವು ದಿನವೂ ಓದುವುದಿಲ್ಲ. ಆದರೂ ಕೊಟ್ಟವರು ಇಂಥವರು, ಅವರ ಉಪಕಾರ ಈ ಮನೆಯ ಮೇಲಿದೆ ಎಂಬುದನ್ನು ಅವು ಹೇಳುತ್ತಲೇ ಇರುತ್ತವೆ. ದೇವಸ್ಥಾನದ ಮೆಟ್ಟಿಲಿನ ಮೇಲೆ, ಶಾಲೆಯ ಕೊಠಡಿಯ ಬಾಗಿಲ ಮೇಲೆ ಇರುವ ಹೆಸರುಗಳೂ ಹೇಳುವುದು ಇದನ್ನೇ. ಕಟ್ಟಡಕ್ಕೆ ಒಬ್ಬರ ಹೆಸರಿಡುವುದೆಂದರೆ ಅವರಿಗೆ ಕೈಮುಗಿದಂತೆ. ಹಾಗಿದ್ದ ಮೇಲೆ, ಕೊಟ್ಟವನು ತನ್ನದಲ್ಲದ್ದನ್ನು ಕೊಟ್ಟಿದ್ದ ಎಂದು ಗೊತ್ತಾದರೆ ಆ ಹೆಸರನ್ನು ಏನು ಮಾಡಬೇಕು?

ಅಮೆರಿಕದ ಹಲವು ವಿಶ್ವವಿದ್ಯಾಲಯಗಳಲ್ಲಿ ವಿದ್ಯಾರ್ಥಿಗಳು ಈ ಪ್ರಶ್ನೆಯನ್ನು ಗಟ್ಟಿಯಾಗಿಯೇ ಕೇಳಿದ್ದಾರೆ. ಅವುಗಳಲ್ಲಿ ನನ್ನನ್ನು ಬಹಳ ಯೋಚನೆಗೆ ಹಚ್ಚಿದ್ದು ವಾಷಿಂಗ್ಟನ್ನಿನ ಜಾರ್ಜ್‌ಟೌನ್ ವಿಶ್ವವಿದ್ಯಾಲಯದ ಕಥೆ. 1789ರಲ್ಲಿ ಆರಂಭವಾದ ಈ ವಿದ್ಯಾಸಂಸ್ಥೆ ಜೆಸ್ವಿಟ್ ಪಾದ್ರಿಗಳದು. ನಮ್ಮ ಮಂಗಳೂರಿನಲ್ಲಿ ಸೇಂಟ್ ಅಲೋಶಿಯಸ್ ಕಾಲೇಜನ್ನು ಕಟ್ಟಿದವರೂ ಇದೇ ಪಂಗಡದವರು. ಆ ಕಾಲದಲ್ಲಿ ಮೇರಿಲ್ಯಾಂಡ್ ಪ್ರಾಂತದ ಈ ಪಾದ್ರಿಗಳಿಗೆ ಹೊಲತೋಟಗಳಿದ್ದವು, ಅವುಗಳಲ್ಲಿ ದುಡಿಯಲು ಗುಲಾಮರಿದ್ದರು. ಕಾಲೇಜು ಸಾಲದಲ್ಲಿ ಮುಳುಗಿತು. 1838ರಲ್ಲಿ 272 ಮಂದಿ ಕರಿಯರನ್ನು ದೂರದ ಲೂಸಿಯಾನದ ತೋಟಗಾರರಿಗೆ 1,15,000 ಡಾಲರಿಗೆ ಮಾರುವ ಕರಾರಾಯಿತು. ಮುಂಗಡವಾಗಿ ಬಂದ ಹಣದಲ್ಲಿ ದೊಡ್ಡ ಪಾಲು ಕಾಲೇಜಿನ ಸಾಲಕ್ಕೆ ಹೋಯಿತು. ಮಾರಾಟವಾದವರಲ್ಲಿ ಎರಡು ತಿಂಗಳ ಹಸುಗೂಸೂ ಇತ್ತು. ಕರಾರು ಪತ್ರದ ಪಟ್ಟಿಯಲ್ಲಿ ಮೊದಲನೆಯ ಹೆಸರು ಐಸಾಕ್, ವಯಸ್ಸು ಅರವತ್ತೈದು.

ಈ ಮಾರಾಟವನ್ನು ಮುಂದೆ ನಿಂತು ನಡೆಸಿದವರು ಥಾಮಸ್ ಮಲೆಡಿ. ಜೊತೆಗಿದ್ದವರು ವಿಲಿಯಂ ಮೆಕ್‌ಶೆರಿ. ಇಬ್ಬರೂ ಕಾಲೇಜಿನ ಅಧ್ಯಕ್ಷರಾಗಿದ್ದವರು. ಇಬ್ಬರ ಹೆಸರೂ ಎರಡು ಕಟ್ಟಡಗಳ ಮೇಲಿದ್ದವು. ಹುಡುಗರು ಹುಡುಗಿಯರು ಅವುಗಳ ಮುಂದೆ ಓಡಾಡುತ್ತಿದ್ದರು, ಆ ಹೆಸರುಗಳು ಯಾರವೆಂದು ಹೆಚ್ಚಿನವರು ಕೇಳಿರಲಿಲ್ಲ. 2015ರಲ್ಲಿ ಮಲೆಡಿ ಹೆಸರಿನ ಹಳೆಯ ಕಟ್ಟಡವನ್ನು ದುರಸ್ತಿ ಮಾಡಿ ವಿದ್ಯಾರ್ಥಿಗಳ ವಸತಿಗೆ ತೆರೆಯುವ ಹೊತ್ತಿಗೆ ಈ ಮಾತು ಮೇಲೆದ್ದಿತು. ಆ ನವೆಂಬರಿನಲ್ಲಿ ವಿದ್ಯಾರ್ಥಿಗಳು ಅಧ್ಯಕ್ಷರ ಕಚೇರಿಯ ಹೊರಗೆ ಧರಣಿ ಕೂತರು. ಕೆಲವೇ ದಿನಗಳಲ್ಲಿ ಎರಡೂ ಹೆಸರುಗಳು ಇಳಿದವು. 2017ರ ಏಪ್ರಿಲ್‌ನಲ್ಲಿ ವಿಶ್ವವಿದ್ಯಾಲಯ ಮತ್ತು ಜೆಸ್ವಿಟರು ಮಾರಾಟವಾದವರ ವಂಶದವರ ಎದುರು ಕ್ಷಮೆ ಕೇಳಿ ಹೊಸ ಹೆಸರುಗಳನ್ನಿಟ್ಟರು.

ಆ ಹೊಸ ಹೆಸರುಗಳಲ್ಲಿ ಒಂದು ಐಸಾಕನದು. ಮಾರಾಟದ ಪಟ್ಟಿಯಲ್ಲಿ ಅವನು ಬರೀ ಐಸಾಕ್. ದನದ ಸಂತೆಯಲ್ಲಿ ಕೆಂದ, ಕರಿಯ ಎನ್ನುವ ಹಾಗೆ. ನಾಮಫಲಕದಲ್ಲಿ ಅವನು ಐಸಾಕ್ ಹಾಕಿನ್ಸ್ ಆದ. ಕಳೆದುಹೋಗಿದ್ದ ಮನೆತನದ ಹೆಸರು ಅವನಿಗೆ ಮರಳಿ ಬಂತು.

ಇನ್ನೊಂದು ಹೆಸರು ಒಬ್ಬ ಹೆಣ್ಣುಮಗಳದು, ಆನ್ ಮರೀ ಬೆಕ್ರಾಫ್ಟ್. ಅವಳು ಗುಲಾಮಳಲ್ಲ, ಸ್ವತಂತ್ರಳಾಗಿ ಹುಟ್ಟಿದ ಕರಿಯ ಹುಡುಗಿ. ಹದಿಹರೆಯದಲ್ಲೇ, 1820ರ ದಶಕದ ಜಾರ್ಜ್‌ಟೌನಿನಲ್ಲಿ, ಕರಿಯ ಹೆಣ್ಣುಮಕ್ಕಳಿಗಾಗಿ ಶಾಲೆ ತೆರೆದಳು. ನಮ್ಮ ಸಾವಿತ್ರಿಬಾಯಿ ಫುಲೆಯವರು ಪುಣೆಯಲ್ಲಿ ಹೆಣ್ಣುಮಕ್ಕಳ ಶಾಲೆ ತೆರೆದ 1848ಕ್ಕೂ ಸುಮಾರು ಎರಡು ದಶಕ ಮೊದಲಿನ ಮಾತಿದು. ಮುಂದೆ ಬಾಲ್ಟಿಮೋರಿನಲ್ಲಿ ಕರಿಯ ಹೆಂಗಸರೇ ಕಟ್ಟಿದ ಮಠವೊಂದನ್ನು ಸೇರಿ ಸನ್ಯಾಸಿನಿಯಾದಳು. 1833ರಲ್ಲಿ, ಇನ್ನೂ ಮೂವತ್ತು ತುಂಬುವ ಮೊದಲೇ, ತೀರಿಹೋದಳು. ಮಕ್ಕಳಿಗೆ ಓದು ಕಲಿಸಿದವಳ ಹೆಸರು ವಿದ್ಯಾಸಂಸ್ಥೆಯೊಂದರ ಗೋಡೆಗೆ ಬರಲು 184 ವರ್ಷ ಬೇಕಾಯಿತು. ಮನುಷ್ಯರನ್ನು ಮಾರಿದವರ ಹೆಸರು ಅಲ್ಲಿ ಮೊದಲೇ ಇತ್ತು. ಗೋಡೆಯ ಮೇಲೆ ಯಾರ ಹೆಸರಿದೆ ಎಂದು ಕೇಳುವುದು ಹೆಂಗಸರಾದ ನಮಗೆ ಹೊಸದಲ್ಲ. ನಮ್ಮ ಊರಿನ ಶಿಲಾಫಲಕಗಳಲ್ಲಿ ಎಷ್ಟು ಹೆಣ್ಣು ಹೆಸರುಗಳಿವೆ ಎಂದು ಒಮ್ಮೆ ಎಣಿಸಿ ನೋಡಿದರೆ ಸಾಕು.

ಈ ಹೆಸರು ಬದಲಾವಣೆಗೆ ಆಕ್ಷೇಪಗಳೂ ಇವೆ, ಅವನ್ನು ತಳ್ಳಿಹಾಕುವಂತಿಲ್ಲ. ಮೊದಲನೆಯದು, ಅಂದಿನವರನ್ನು ಇಂದಿನ ಅಳತೆಗೋಲಿನಿಂದ ಅಳೆಯಬಾರದು ಎಂಬುದು. ಸರಿಯಾದ ಮಾತೇ. ಆದರೆ ಜಾರ್ಜ್‌ಟೌನಿನ ಸಂಗತಿಯಲ್ಲಿ ಅಂದಿನ ಅಳತೆಗೋಲೇ ಸಾಕು. ಮಾರಾಟಕ್ಕೆ ಒಪ್ಪಿಗೆ ಕೊಡುವಾಗ ರೋಮಿನ ಹಿರಿಯರು ಷರತ್ತುಗಳನ್ನು ಹಾಕಿದ್ದರು: ಸಂಸಾರಗಳನ್ನು ಒಡೆಯಬಾರದು, ಅವರ ಧರ್ಮಾಚರಣೆಗೆ ಅಡ್ಡಿಯಾಗಬಾರದು, ಬಂದ ಹಣದಿಂದ ಸಾಲ ತೀರಿಸಬಾರದು. ಷರತ್ತುಗಳು ಕಾಗದದಲ್ಲೇ ಉಳಿದವು. 1839ರಲ್ಲಿ ಮಲೆಡಿ ಪ್ರಾಂತದ ಮುಖ್ಯಸ್ಥನ ಪದವಿ ಬಿಡಬೇಕಾಯಿತು. ಅಂದರೆ ಇದು ತಪ್ಪೆಂದು ಅಂದಿನವರಿಗೂ ಗೊತ್ತಿತ್ತು. ಮಾರಾಟವಾಗುತ್ತಿದ್ದ ತಾಯಂದಿರಿಗಂತೂ ಗೊತ್ತಿದ್ದೇ ಇತ್ತು. ‘ಅಂದಿನ ಕಾಲ’ ಎನ್ನುವಾಗ ನಾವು ಅವರನ್ನು ಎಣಿಕೆಗೆ ತೆಗೆದುಕೊಳ್ಳುವುದೇ ಇಲ್ಲ.

ಎರಡನೆಯದು, ಹೆಸರು ಅಳಿಸಿದರೆ ಚರಿತ್ರೆಯೇ ಅಳಿಯುತ್ತದೆ ಎಂಬ ಅಂಜಿಕೆ. ಯೇಲ್ ವಿಶ್ವವಿದ್ಯಾಲಯದಲ್ಲಿ, ಗುಲಾಮಗಿರಿ ಒಳ್ಳೆಯದೇ ಎಂದು ವಾದಿಸಿದ್ದ ಜಾನ್ ಕ್ಯಾಲ್ಹೂನನ ಹೆಸರಿನ ಕಾಲೇಜಿನ ಬಗ್ಗೆ 2016ರಲ್ಲಿ ಈ ಕಾರಣವನ್ನೇ ಕೊಟ್ಟು ಹೆಸರನ್ನು ಉಳಿಸಿಕೊಂಡರು. ವಿದ್ಯಾರ್ಥಿಗಳು ಬಿಡಲಿಲ್ಲ. 2017ರಲ್ಲಿ ಅದು ಗಣಿತಜ್ಞೆ, ಕಂಪ್ಯೂಟರ್ ಕ್ಷೇತ್ರದ ಮೊದಲಿಗರಲ್ಲಿ ಒಬ್ಬಳಾದ ಗ್ರೇಸ್ ಹಾಪರಳ ಹೆಸರಿನ ಕಾಲೇಜಾಯಿತು. ಆದರೆ ಯೇಲ್ ಎಂಬ ಹೆಸರು? ಎಲಿಹು ಯೇಲ್ 1687ರಿಂದ 1692ರವರೆಗೆ ನಮ್ಮ ಪಕ್ಕದ ಮದ್ರಾಸಿನಲ್ಲಿ ಈಸ್ಟ್ ಇಂಡಿಯಾ ಕಂಪೆನಿಯ ಗವರ್ನರ್. ಅವನ ಅಧಿಕಾರದ ಕಾಲದಲ್ಲಿ ಅಲ್ಲಿಂದ ಹಡಗಿನಲ್ಲಿ ಗುಲಾಮರನ್ನೂ ಸಾಗಿಸುತ್ತಿದ್ದರು. 1718ರಲ್ಲಿ ಅವನು ಕಳಿಸಿದ ಸರಕಿನ ಮೂಟೆಗಳನ್ನು ಮಾರಿ ಬಂದ ಹಣಕ್ಕೆ ಕೃತಜ್ಞತೆಯಾಗಿ ಕಾಲೇಜಿಗೆ ಅವನ ಹೆಸರಿಟ್ಟರು. ಆ ಹೆಸರು ಹಾಗೆಯೇ ಇದೆ. ಹೀಗೆ ಹುಡುಕುತ್ತ ಹೋದರೆ ಯಾವ ಹೆಸರು ಉಳಿದೀತು ಎಂದು ಕೇಳುವವರ ಕಷ್ಟ ನನಗೆ ಅರ್ಥವಾಗುತ್ತದೆ. ಆದರೂ ಮಲೆಡಿಯ ಹೆಸರು ಗೋಡೆಯ ಮೇಲಿದ್ದಷ್ಟು ಕಾಲ ಈ ಚರಿತ್ರೆ ತಿಳಿದಿದ್ದವರು ಎಷ್ಟು ಮಂದಿ? ಹೆಸರು ಇಳಿಸುವ ಜಗಳ ಎದ್ದ ಮೇಲೆಯೇ ಲೂಸಿಯಾನದಲ್ಲಿರುವ ಎಷ್ಟೋ ಸಂಸಾರಗಳಿಗೆ ತಮ್ಮ ಮುತ್ತಜ್ಜ ಮುತ್ತಜ್ಜಿಯರು ಎಲ್ಲಿಂದ ಬಂದರೆಂದು ತಿಳಿಯಿತು.

ಇಲ್ಲಿಗೇ ಮುಗಿದಿದ್ದರೆ ನಾನು ಇಷ್ಟು ಬರೆಯುತ್ತಿರಲಿಲ್ಲ. ನನಗೆ ಅಳುಕಿರುವುದು ಹೆಸರು ಬದಲಿಸುವುದರ ಬಗ್ಗೆ ಅಲ್ಲ, ಬದಲಿಸಿ ಕೈ ತೊಳೆದುಕೊಳ್ಳುವುದರ ಬಗ್ಗೆ. ಹೊಸ ಫಲಕಕ್ಕೆ ಖರ್ಚು ಕಡಿಮೆ, ಸಮಾಧಾನ ಹೆಚ್ಚು. ಜಾರ್ಜ್‌ಟೌನಿನ ವಿದ್ಯಾರ್ಥಿಗಳು ಈ ಸಮಾಧಾನಕ್ಕೆ ಒಪ್ಪಲಿಲ್ಲ. 2019ರ ಏಪ್ರಿಲ್‌ನಲ್ಲಿ ಅವರು ತಮ್ಮೊಳಗೇ ಮತದಾನ ಮಾಡಿದರು. ಪ್ರತಿ ಸೆಮಿಸ್ಟರಿಗೆ ಪ್ರತಿ ವಿದ್ಯಾರ್ಥಿಯೂ 27 ಡಾಲರ್ 20 ಸೆಂಟ್ ಶುಲ್ಕ ಕೊಡಬೇಕು, ಅದು ಮಾರಾಟವಾದವರ ವಂಶದವರ ಒಳಿತಿಗೆ ಹೋಗಬೇಕು. 272 ಮಂದಿಯ ನೆನಪಿಗಾಗಿ ಆ ಲೆಕ್ಕ. ಮತ ಹಾಕಿದವರಲ್ಲಿ ಸುಮಾರು ಮೂರರಲ್ಲಿ ಎರಡು ಪಾಲು ಜನ ಆಗಲಿ ಎಂದರು.

ಬೇಡವೆಂದವರ ಮಾತಿಗೂ ತೂಕವಿತ್ತು. ತಪ್ಪು ಮಾಡಿದ್ದು ಸಂಸ್ಥೆ, ಸಂಸ್ಥೆಯೇ ಕೊಡಲಿ, ಕಷ್ಟಪಟ್ಟು ಓದಲು ಬಂದ ಮಕ್ಕಳೇಕೆ ತೆರಬೇಕು ಎಂದರು. ಇಪ್ಪತ್ತು ವರ್ಷದ ಹುಡುಗಿ ಯಾರನ್ನೂ ಮಾರಿಲ್ಲ, ಕೊಂಡಿಲ್ಲ. ಅವಳ ಮೇಲೆ ಪಾಪವಿಲ್ಲ, ನಿಜ. ಆದರೆ ನಮ್ಮ ಹಿರಿಯರು ಪಾಪ ಬೇರೆ, ಋಣ ಬೇರೆ ಎಂದು ತಿಳಿದಿದ್ದರು. ಪಾಪ ಮಾಡಿದವನ ಜೊತೆ ಹೋಗುತ್ತದೆ, ಋಣ ಮನೆಯಲ್ಲಿ ಉಳಿಯುತ್ತದೆ. ಅಪ್ಪನ ಜಮೀನು ಬೇಕು, ಅದರ ಮೇಲಿನ ಸಾಲ ಬೇಡ ಎನ್ನುವ ಮಗನನ್ನು ಯಾವ ಊರಿನ ಪಂಚಾಯಿತಿಯೂ ಒಪ್ಪುವುದಿಲ್ಲ. 1838ರ ಹಣದಿಂದ ಉಳಿದುಕೊಂಡ ಕಾಲೇಜಿನ ಹೆಸರು, ಪದವಿ, ಅದು ತರುವ ನೌಕರಿ ಇವೆಲ್ಲ ಬೇಕು ಎನ್ನುವವಳಿಗೆ ಅದರ ಸಾಲದಲ್ಲೂ ಒಂದು ಪಾಲು ಬರುತ್ತದೆ. ಇದನ್ನು ಯಾರೂ ಹೇರದೆ, ಆ ಮಕ್ಕಳು ತಾವಾಗಿಯೇ ಹೊರಲು ಮುಂದಾದರು.

ಆಮೇಲೆ ಆದದ್ದೇನು? ಆ ಮತದಾನ ಸಂಸ್ಥೆಯನ್ನು ಕಟ್ಟಿಹಾಕುವಂಥದ್ದಾಗಿರಲಿಲ್ಲ. 2019ರ ಅಕ್ಟೋಬರಿನಲ್ಲಿ ವಿಶ್ವವಿದ್ಯಾಲಯ ಕಡ್ಡಾಯ ಶುಲ್ಕದ ಬದಲು ದೇಣಿಗೆ ಎತ್ತುವುದಾಗಿ, ವರ್ಷಕ್ಕೆ ಸುಮಾರು 4 ಲಕ್ಷ ಡಾಲರ್ ಕೂಡಿಸುವುದಾಗಿ ಹೇಳಿತು. ಮೊತ್ತ ಹೆಚ್ಚುಕಡಿಮೆ ಅಷ್ಟೇ, ಹೋಗುವುದೂ ಆ ವಂಶದವರ ಹಿತಕ್ಕೇ. ಹಾಗಾದರೆ ಏನು ವ್ಯತ್ಯಾಸ ಎಂದು ನೀವು ಕೇಳಬಹುದು.

ವ್ಯತ್ಯಾಸ ದೊಡ್ಡದೇ. ದೇಣಿಗೆ ಕೊಟ್ಟವನು ದಾನಿಯಾಗುತ್ತಾನೆ, ತೆಗೆದುಕೊಂಡವನು ಕೈಯೊಡ್ಡಿದವನಾಗುತ್ತಾನೆ. ಸಾಲ ತೀರಿಸುವವನು ಮಾತ್ರ ತಲೆ ತಗ್ಗಿಸಿ ಕೊಡುತ್ತಾನೆ, ಪಡೆಯುವವನು ತಲೆ ಎತ್ತಿ ಪಡೆಯುತ್ತಾನೆ. ವಿದ್ಯಾರ್ಥಿಗಳು ಶುಲ್ಕ ಎಂದಾಗ ಕೇಳಿದ್ದು ಈ ಎರಡನೆಯದನ್ನು. ದಾನಿಗಳ ಹೆಸರು ಮತ್ತೆ ಯಾವುದೋ ಗೋಡೆಯ ಮೇಲೆ ಏರಬಹುದು. ಸಾಲ ತೀರಿಸಿದವರ ಹೆಸರನ್ನು ಯಾರೂ ಎಲ್ಲಿಯೂ ಬರೆಸುವುದಿಲ್ಲ. ತಮ್ಮ ಹೆಸರು ಎಲ್ಲಿಯೂ ಬರುವುದಿಲ್ಲವೆಂದು ಗೊತ್ತಿದ್ದೇ 27 ಡಾಲರ್ 20 ಸೆಂಟಿಗೆ ಆಗಲಿ ಎಂದ ಆ ಮಕ್ಕಳ ಮೇಲೆ ನನಗೆ ಗೌರವ.